ಸಿಂಕಿನ ಬಳಿ ನಿಂತಿದ್ದವಳು

ಆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಗಾಜಿನ ಸಾಮಾನು ಹೊಳೆಯುವಷ್ಟು ಬೇರೆಲ್ಲೂ ಹೊಳೆಯಲಿಕ್ಕಿಲ್ಲ. ಬ್ಯುರೆಟ್ ಅಂದರೆ ಗೀಟು ಹಾಕಿದ ಉದ್ದನೆಯ ಗಾಜಿನ ಕೊಳವೆ. ಒಂದು ಸಲ ತೊಳೆದು ಕವುಚಿ ಹಾಕಿದರೆ ಆಯಿತು. ಲ್ಯಾಬಿನ ಸಹಾಯಕಿ, ಎಲ್ಲರ ಲ್ಯಾಬ್ ಅಕ್ಕ, ಅದನ್ನು ಐದಾರು ಸಲ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಎತ್ತಿಕೊಂಡು ಮತ್ತೆ ನಲ್ಲಿಗೆ ಹಿಡಿಯುತ್ತಿದ್ದಳು. "ಬಿಟ್ಬಿಡಿ ಅಕ್ಕ, ಪಾಪ, ಅದರ ಚರ್ಮ ಸುಲಿದು ಹೋಗುತ್ತೆ" ಎಂದು ಹುಡುಗರು ರೇಗಿಸುತ್ತಿದ್ದರು.

ಲ್ಯಾಬಿನೊಳಗೆ ದೊಡ್ಡ ಸಿಂಕುಗಳು ಎರಡಿದ್ದವು, ಎರಡರಲ್ಲೂ ನೀರು ಜೋರಾಗಿ ಬರುತ್ತಿತ್ತು. ಅಕ್ಕನಿಗೆ ಮಾತ್ರ ಅವು ಬೇಡ. ಲ್ಯಾಬಿನ ಹಿಂದೆ ಸಣ್ಣದೊಂದು ಓಣಿ, ಓಣಿಯ ತುದಿಗೆ ವಿಭಾಗದ ಮುಖ್ಯಸ್ಥರ ಕೋಣೆ, ಕೋಣೆಯ ಬಾಗಿಲಿಗೆ ಎದುರಾಗಿ ಮೂಲೆಯಲ್ಲಿ ಒಂದು ಹಳೆಯ ಸಿಂಕು. ತೊಟ್ಟಿಕ್ಕುವ ನಲ್ಲಿ, ಒಡೆದ ಅಂಚು. ಅವಳು ನಿಲ್ಲುತ್ತಿದ್ದದ್ದು ಅಲ್ಲೇ. ರೆಕಾರ್ಡಿಗೆ ಸಹಿ ಹಾಕಿಸಲು ಯಾವ ಹುಡುಗಿ ಆ ಬಾಗಿಲು ದಾಟಿದರೂ ಅಕ್ಕನ ಕೈಗೆ ಎಲ್ಲಿಲ್ಲದ ಕೆಲಸ ಬಂದುಬಿಡುತ್ತಿತ್ತು. ಬಾಗಿಲು ಮುಚ್ಚಿಕೊಂಡರೆ, "ಸರ್, ಡಿಸ್ಟಿಲ್ಡ್ ವಾಟರ್ ಮುಗಿದಿದೆ" ಎಂದು ತಟ್ಟಿ ಒಳಗೆ ನುಗ್ಗುವಳು. ಮುಗಿದಿರುತ್ತಿರಲಿಲ್ಲ. ಹುಡುಗಿ ಹೊರಗೆ ಬಂದು ಮೆಟ್ಟಿಲಿಳಿದ ಮೇಲೆಯೇ ನಲ್ಲಿ ನಿಲ್ಲುತ್ತಿದ್ದದ್ದು.

ಹುಡುಗಿಯರು ಇದಕ್ಕೆ ತಮ್ಮದೇ ಅರ್ಥ ಕಟ್ಟಿದ್ದರು. ಈ ಹೆಂಗಸಿಗೆ ಕಂಡವರ ಮಾತಿಗೆ ಕಿವಿ ಕೊಡುವ ಚಾಳಿ, ಯಾರಿಗೆ ಎಷ್ಟು ಇಂಟರ್ನಲ್ ಮಾರ್ಕ್ಸ್ ಬಿತ್ತು ಎಂದು ತಿಳಿಯದಿದ್ದರೆ ಇವಳಿಗೆ ಅನ್ನ ಇಳಿಯುವುದಿಲ್ಲ. ಅವರು ಅವಳಿಗೆ ಇಟ್ಟ ಹೆಸರು 'ಸಿಸಿಟಿವಿ'. ಅಕ್ಕನಿಗೆ ಅದು ಗೊತ್ತಿತ್ತು, ಬೇಸರವೂ ಇರಲಿಲ್ಲ. ಹಿಂದಿನಿಂದ ನಗಲಿ, ಕ್ಷೇಮವಾಗಿ ಮನೆಗೆ ಹೋಗಿ ನಗಲಿ ಎಂದುಕೊಳ್ಳುತ್ತಿದ್ದಳು.

ಕಾರಣ ಹಳೆಯದು. ಅವಳು ತಾತ್ಕಾಲಿಕ ಕೆಲಸಕ್ಕೆ ಸೇರಿದ ಹೊಸತು. ಈಗಿನ ಮುಖ್ಯಸ್ಥರು ಆಗಿನ್ನೂ ಎಳೆಯ ಮೇಷ್ಟ್ರು. ಅವಳು ರಾಸಾಯನಿಕ ಇಡುವ ಕೋಣೆಯಲ್ಲಿ ಮೇಲಿನ ಹಲಗೆಯಿಂದ ಬಾಟಲಿ ಇಳಿಸುತ್ತಿದ್ದಾಗ ಅವರು ಹಿಂದಿನಿಂದ ಬಂದು ತಬ್ಬಿ ಹಿಡಿದರು. ಕೂಗಲು ಬಾಯಿ ಬರಲಿಲ್ಲ. ಕೈಯಲ್ಲಿದ್ದ ಅಮೋನಿಯಾ ಬಾಟಲಿ ಜಾರಿ ನೆಲಕ್ಕೆ ಬಿತ್ತು. ಅಮೋನಿಯಾಕ್ಕೆ ಮೇಷ್ಟ್ರು ಯಾರು, ಜವಾನ ಯಾರು ಎಂಬ ಭೇದವಿಲ್ಲ. ಕಣ್ಣು ಮೂಗಲ್ಲಿ ನೀರು ಸುರಿಸುತ್ತ ಅವರು ಓಡಿದರು. ಐದು ನಿಮಿಷದ ಮೇಲೆ ಮುಖ ತೊಳೆದು ಬಂದು, ವಿದ್ಯಾರ್ಥಿಗಳೆಲ್ಲರ ಎದುರಿಗೆ, "ಒಂದು ಬಾಟಲಿ ನೆಟ್ಟಗೆ ಹಿಡಿಯೋಕೆ ಬರದವರನ್ನೆಲ್ಲ ಕೆಲಸಕ್ಕೆ ಇಟ್ಟುಕೊಂಡರೆ ಹೀಗೇ" ಎಂದು ಬೈದರು. ಅವಳು ಪೊರಕೆ ತಂದು ಗಾಜು ಗುಡಿಸಿದಳು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಟೇಲರ್ ಗಂಡನ ಅಂಗಡಿ ಬೀರುವಿನಷ್ಟಗಲ, ದುಡಿಮೆಯೂ ಅಷ್ಟಕ್ಕಷ್ಟೇ. ಆ ಮೇಲೆ ಅವರು ಅವಳ ತಂಟೆಗೆ ಬರಲಿಲ್ಲ. ಅವಳಿಗೆ ತಿಳಿದ ಒಂದೇ ಕೆಲಸವೆಂದರೆ ಬೇರೆಯವರ ತಂಟೆಗೂ ಹೋಗದಂತೆ ಅಡ್ಡ ನಿಲ್ಲುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟು ವರ್ಷ ಅದು ನಡೆದುಕೊಂಡು ಬಂತು.

ಅವಳ ಮಗಳು ಅದೇ ಕಾಲೇಜಿಗೆ ಸೇರಿದಳು. ಸೈನ್ಸ್ ತೆಗೆದುಕೊಳ್ಳುತ್ತೇನೆ ಎಂದು ಮೂರು ದಿನ ಊಟ ಬಿಟ್ಟಳು. ಅಕ್ಕ ಜಗ್ಗಲಿಲ್ಲ, ಕಾಮರ್ಸಿಗೇ ಹಾಕಿದಳು. "ನಿನಗೆ ಸೈನ್ಸ್ ಹೊರೆ ಆಗುತ್ತೆ ಕಣೇ" ಎಂದಳೇ ಹೊರತು ಬೇರೇನೂ ಹೇಳಲಿಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೂ ಆ ಸಿಟ್ಟು ಇಳಿದಿಲ್ಲ. ಅಮ್ಮನಿಗೆ ನನ್ನ ಬುದ್ಧಿಯ ಮೇಲೆ ನಂಬಿಕೆಯಿರಲಿಲ್ಲ ಎಂದು ಈಗಲೂ ಹೇಳುತ್ತಾಳೆ.

ಇತ್ತ ಎಳೆಯ ಮೇಷ್ಟ್ರು ದೊಡ್ಡ ಮೇಷ್ಟ್ರಾದರು. ಬಡ ಮಕ್ಕಳ ಫೀಸು ಕಟ್ಟುವ ಧರ್ಮಾತ್ಮರು. ಹೆಣ್ಣುಮಕ್ಕಳ ಶಿಕ್ಷಣದ ಮೇಲೆ ಅವರು ಭಾಷಣ ಮಾಡಿದರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಈ ಬೆಕ್ಕು ಕಣ್ಣು ತೆರೆದೇ ಕುಡಿಯುತ್ತಿತ್ತು, ಮುಚ್ಚಿಕೊಂಡಿದ್ದವರು ಸುತ್ತಲಿನವರು.

ಹೋದ ವರ್ಷ ಅಕ್ಕನ ಗಂಡನಿಗೆ ಕಣ್ಣಿನ ಆಪರೇಷನ್ ಆಯಿತು. ಸೂಜಿಗೆ ದಾರ ಏರಿಸಲಾಗದೆ ತಿಂಗಳುಗಟ್ಟಲೆ ಒದ್ದಾಡಿದ ಮನುಷ್ಯ. ಅಕ್ಕ ಎರಡು ದಿನ ರಜೆ ಹಾಕಿದಳು. ಅವಳ ಜಾಗಕ್ಕೆ ಸ್ಟೋರಿನವನು ಬಂದ, ಬಂದವನು ಹೊರಗಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕೂತ.

ಕೊನೆಯ ವರ್ಷದ ಹುಡುಗಿ ಒಬ್ಬಳಿದ್ದಳು. ಬ್ಯುರೆಟ್ಟಿನಿಂದ ಹನಿಹನಿ ಬಿಟ್ಟು ಬಣ್ಣ ನೋಡುವ ಟೈಟ್ರೇಶನ್ನಿನಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಉಳಿದವರು ಹನಿ ಹೆಚ್ಚಾಗಿ ದ್ರಾವಣವನ್ನು ಕಡುಗುಲಾಬಿ ಮಾಡಿ ಪೆಚ್ಚಾಗುತ್ತಿದ್ದರೆ, ಇವಳು ಕಂಡೂ ಕಾಣದಂಥ ತಿಳಿಗುಲಾಬಿಗೆ ನಿಲ್ಲಿಸುತ್ತಿದ್ದಳು. ಎಂ.ಎಸ್ಸಿ. ಮಾಡಿ ಪಾಠ ಹೇಳಬೇಕೆಂಬ ಆಸೆ. ಆ ಎರಡು ದಿನಗಳಲ್ಲಿ ಒಂದು ದಿನ ಅವಳು ರೆಕಾರ್ಡ್ ಹಿಡಿದು ಆ ಕೋಣೆಗೆ ಹೋದಳು. ದೊಡ್ಡ ಮೇಷ್ಟ್ರು ಎದ್ದು ಚಿಲಕ ಹಾಕಿದರು, ಸೊಂಟಕ್ಕೆ ಕೈ ಹಾಕಿ ಎಳೆದರು. ಅವಳು ಕೊಸರಿಕೊಂಡು, ಚಿಲಕ ತೆಗೆದು ಓಡಿದಳು. ರೆಕಾರ್ಡ್ ಒಳಗೇ ಉಳಿಯಿತು.

ಒಂದು ವಾರ ಅವಳು ಯಾರಿಗೂ ಬಾಯಿ ಬಿಡಲಿಲ್ಲ, ಆಮೇಲೆ ಪ್ರಿನ್ಸಿಪಾಲರ ಬಳಿಗೆ ಹೋಗಿ ದೂರು ಕೊಟ್ಟಳು. ಪ್ರಿನ್ಸಿಪಾಲರು ನೀರು ಕೊಟ್ಟರು, ಕೂರಿಸಿದರು. "ನೋಡಮ್ಮ, ನೀನು ನನ್ನ ಮಗಳಿದ್ದ ಹಾಗೆ. ಮುಳ್ಳು ಬಟ್ಟೆ ಮೇಲೆ ಬಿದ್ದರೂ, ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯೋದು ಬಟ್ಟೆನೇ. ಕೊನೆಯ ವರ್ಷ ಬೇರೆ. ಯೋಚನೆ ಮಾಡು" ಎಂದರು. ಹುಡುಗಿ ಯೋಚನೆ ಮಾಡಿಯೇ ಬಂದಿದ್ದಳು. ದೂರು ವಾಪಸ್ ತೆಗೆದುಕೊಳ್ಳಲಿಲ್ಲ.

ಕಾಲೇಜಿನಲ್ಲಿ ದೂರು ಸಮಿತಿ ಇರಲಿಲ್ಲವೆಂದಲ್ಲ. ಮೆಟ್ಟಿಲ ಬಳಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಅದರಲ್ಲಿದ್ದ ಒಬ್ಬರು ನಿವೃತ್ತರಾಗಿದ್ದರು, ಒಬ್ಬರು ತೀರಿಕೊಂಡಿದ್ದರು. ಫೋನ್ ನಂಬರಿನ ಕೊನೆಯ ಅಂಕಿ ಸುಣ್ಣದಡಿ ಹೋಗಿತ್ತು. ಹೊಸ ಸಮಿತಿ ಮಾಡುವಷ್ಟರಲ್ಲಿ ತಿಂಗಳುಗಳು ಕಳೆದವು. ಅರ್ಥಶಾಸ್ತ್ರದ ಮೇಡಂ ಅಧ್ಯಕ್ಷೆಯಾದರು, ಹೊರಗಿನವರೆಂದು ಒಬ್ಬ ವಕೀಲರನ್ನು ಕರೆತಂದರು. ವಕೀಲರಿಗೆ ಬಿಡುವಾದಾಗ ಮೇಡಂಗೆ ಮೀಟಿಂಗು, ಮೇಡಂಗೆ ಬಿಡುವಾದಾಗ ವಕೀಲರಿಗೆ ಕೋರ್ಟು. ಅಲ್ಲಿಯವರೆಗೆ ಹುಡುಗಿಯ ಸುರಕ್ಷತೆಗೆಂದು ಅವಳನ್ನೇ ಬೇರೆ ಬ್ಯಾಚಿಗೆ ಹಾಕಿದರು. ದೊಡ್ಡ ಮೇಷ್ಟ್ರು ಇದ್ದಲ್ಲೇ ಇದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಹೊಸ ಬ್ಯಾಚಿನಲ್ಲಿ ಯಾರೂ ಅವಳ ಪಕ್ಕದ ಟೇಬಲಿಗೆ ಬರಲಿಲ್ಲ.

ಸುದ್ದಿ ತಿಳಿದ ದಿನ ಅಕ್ಕ, ನಾನು ರಜೆ ಹಾಕಬಾರದಿತ್ತು ಎಂದುಕೊಂಡಳು. ಇಷ್ಟು ವರ್ಷದಲ್ಲಿ ಅವಳಿಗೆ ಹೊಳೆದದ್ದು ಇಷ್ಟೇ ಎನ್ನುವುದೇ ಸಂಕಟದ ಮಾತು. ಆ ಮನುಷ್ಯ ಅಲ್ಲಿ ಇರಬಾರದಿತ್ತು ಎಂದು ಅವಳಿಗೆ ಹೊಳೆಯಲಿಲ್ಲ.

ವಿಚಾರಣೆಗೆ ದಿನ ಗೊತ್ತಾದ ವಾರ ದೊಡ್ಡ ಮೇಷ್ಟ್ರು ಸಿಂಕಿನ ಬಳಿಗೆ ಬಂದರು. ಎಂದೂ ಇಲ್ಲದ ಮೃದುವಾದ ದನಿ.

"ಸಮಿತಿಯವರು ನಿಮ್ಮನ್ನ ಕರೀತಾರೆ. ನಾನೇ ನಿಮ್ಮ ಹೆಸರು ಕೊಟ್ಟಿದ್ದೀನಿ."

"ನನ್ನ ಹೆಸರು ಯಾಕೆ ಸರ್?"

"ಯಾಕೆ ಅಂದ್ರೆ? ನನ್ನ ಬಾಗಿಲ ಎದುರಿಗೆ ಇಷ್ಟು ವರ್ಷ ನಿಂತವರು ಇನ್ಯಾರಿದ್ದಾರೆ? ನೀವು ಸುಳ್ಳು ಹೇಳೋದೇನೂ ಬೇಡ. ಕಣ್ಣಾರೆ ಕಂಡಿದ್ದನ್ನ ಹೇಳಿ, ಅಷ್ಟೇ ಸಾಕು."

ಅವರು ಹೊರಟುಹೋದ ಮೇಲೂ ಅವಳು ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಿದ್ದಳು. ಈ ಮನುಷ್ಯನಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ತಾನು ಕಾವಲು ನಿಂತದ್ದು ಹುಡುಗಿಯರಿಗೆಂದು ಅವಳು ತಿಳಿದಿದ್ದಳು. ಅವಳು ಕಾವಲಿದ್ದಾಗ ಏನೂ ನಡೆಯಲಿಲ್ಲ. ನಡೆಯದ್ದರಿಂದ ಅವಳು ಏನೂ ನೋಡಲಿಲ್ಲ. ನೋಡದ್ದರಿಂದ ಈಗ ಅವನ ಪರವಾಗಿ ಅವಳಿಗಿಂತ ದೊಡ್ಡ ಸಾಕ್ಷಿ ಇನ್ನೊಂದಿರಲಿಲ್ಲ. ಮೈಯೆಲ್ಲ ಕಣ್ಣಾಗಿ ನಿಂತವಳು ಅವನ ಒಳ್ಳೆಯ ನಡತೆಗೆ ಇಷ್ಟು ವರ್ಷ ಜಾಮೀನು ಬರೆದುಕೊಟ್ಟ ಹಾಗಾಗಿತ್ತು.

ವಿಚಾರಣೆಯ ದಿನ ಕಾರಿಡಾರಿನಲ್ಲಿ ಒಂದೇ ಬೆಂಚು. ದೂರು ಕೊಟ್ಟವಳೂ ಅದರಲ್ಲೇ ಕೂರಬೇಕು, ದೂರು ಯಾರ ಮೇಲಿದೆಯೋ ಅವರೂ ಅದರಲ್ಲೇ ಕೂರಬೇಕು. ಅದು ಯಾರಿಗೂ ತಪ್ಪೆಂದು ಅನ್ನಿಸಿರಲಿಲ್ಲ. ಹುಡುಗಿ ಒಂದು ತುದಿಗೆ ಅಂಟಿಕೊಂಡಿದ್ದಳು, ದೊಡ್ಡ ಮೇಷ್ಟ್ರು ಇನ್ನೊಂದು ತುದಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದರು. ಅಕ್ಕ ಹೋಗಿ ನಡುವೆ ಕೂತಳು. ಹುಡುಗಿ ಅವಳ ಕಡೆಗೆ ಒಮ್ಮೆ ತಿರುಗಿ ನೋಡಿದಳು. ಆ ನೋಟದಲ್ಲಿ ಆಸೆಯಿತ್ತು. ಸಿಸಿಟಿವಿಗೆ ಕಾಣದ್ದು ಏನಿದೆ ಎಂದು ಪಾಪ ನಂಬಿದ್ದಳೋ ಏನೋ.

ಹುಡುಗಿಯನ್ನು ಒಳಗೆ ಕರೆದರು. ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಮಾತು ಕೇಳಿಸುತ್ತಿತ್ತು. ಒಬ್ಬಳೇ ಯಾಕೆ ಹೋದೆ? ಒಂದು ವಾರ ಯಾಕೆ ಸುಮ್ಮನಿದ್ದೆ? ಇಂಟರ್ನಲ್ಸ್‌ನಲ್ಲಿ ನಿನಗೆ ಕಡಿಮೆ ಬಂದಿತ್ತಾ? ಸರ್ ಮೇಲೆ ಸಿಟ್ಟಿತ್ತಾ? ಹುಡುಗಿ ಎಲ್ಲಕ್ಕೂ ಉತ್ತರ ಕೊಟ್ಟಳು, ದನಿ ಮಾತ್ರ ಬರಬರುತ್ತ ಸಣ್ಣದಾಯಿತು.

ಅಕ್ಕನ ಸರದಿ ಬಂತು. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ. ಮೇಡಂ ನಗುನಗುತ್ತಲೇ ಕೇಳಿದರು.

"ಹೆದರ್ಕೋಬೇಡಿ. ನೀವು ಅಲ್ಲೇ ಕೆಲಸ ಮಾಡೋರು. ಸರ್ ಯಾವ ಹುಡುಗಿ ಜೊತೆಗಾದ್ರೂ ತಪ್ಪಾಗಿ ನಡ್ಕೊಂಡಿದ್ದನ್ನ ನೀವು ನೋಡಿದ್ದೀರಾ?"

"ನೋಡಿಲ್ಲ ಮೇಡಂ. ಆದ್ರೆ..."

"ಆದ್ರೆ ಗೀದ್ರೆ ಎಲ್ಲ ಬೇಡ. ನೋಡಿದ್ದೀರೋ ಇಲ್ವೋ?"

"ಇಲ್ಲ."

ವಾಚು ನೋಡಿಕೊಳ್ಳುತ್ತಿದ್ದ ವಕೀಲರು ತಲೆಯೆತ್ತಿದರು. ನಿಜ ಹೇಳಬೇಕೆಂದರೆ ಇಡೀ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. "ಲ್ಯಾಬಿನಲ್ಲಿ ಬೇರೆ ಸಿಂಕು ಇವೆಯಂತಲ್ಲ. ಯಾವಾಗಲೂ ಆ ಬಾಗಿಲ ಹತ್ತಿರವೇ ಯಾಕೆ ನಿಲ್ತೀರಿ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು: ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ? ಅದರ ಹಿಂದೆ ಅಮೋನಿಯಾ ಬಾಟಲಿಯ ಕಥೆ ಬರುತ್ತದೆ. ಆಗಲೂ ಇವರು ಹೀಗೆಯೇ ನಗುತ್ತ, ಒಬ್ಬಳೇ ಆ ಕೋಣೆಗೆ ಯಾಕೆ ಹೋದೆ ಎನ್ನುತ್ತಾರೆ. ಕಣ್ಣು ಇನ್ನೂ ಸರಿಹೋಗದೆ ಮನೆಯಲ್ಲಿ ಕೂತ ಗಂಡ ನೆನಪಾದ. ನಿವೃತ್ತಿಗೆ ಉಳಿದ ಚೂರು ಸರ್ವೀಸು ನೆನಪಾಯಿತು.

"ತೊಳೆಯೋದು ಇರುತ್ತೆ ಸರ್" ಎಂದಳು.

ಮನೆಗೆ ಬಂದು ಗಂಡನೆದುರು ಎಲ್ಲವನ್ನೂ ಹೇಳಿದಳು, ಅಂದು ರಾಸಾಯನಿಕದ ಕೋಣೆಯಲ್ಲಿ ಆದದ್ದನ್ನೂ. ಅವನು ಕೈಲಿದ್ದ ಅಳತೆ ಟೇಪನ್ನು ಸುತ್ತಿಟ್ಟ. ಆಮೇಲೆ, "ನನಗಾದ್ರೂ ಹೇಳ್ಬಾರದಿತ್ತೇನೇ?" ಎಂದ. "ಹೇಳಿದ್ರೆ ನೀವು ಕತ್ತರಿ ಹಿಡ್ಕೊಂಡು ಹೋಗ್ತಿದ್ರಿ" ಎಂದಳು. "ನಾನಾ? ನನ್ನ ಕತ್ತರಿಗೆ ಬಟ್ಟೆನೇ ಹರಿಯೋದು ಕಷ್ಟ" ಎಂದು ಅವನು ನಗಿಸಲು ನೋಡಿದ. ಇಬ್ಬರಿಗೂ ನಗು ಬರಲಿಲ್ಲ. "ಆ ಹುಡುಗಿ ಏನಾಗ್ತಾಳೆ?" ಎಂದು ಅವನು ಕೇಳಿದ.

ಸಮಿತಿಯ ತೀರ್ಮಾನ ಬಂತು. ಆರೋಪಕ್ಕೆ ಆಧಾರ ಸಿಕ್ಕಿಲ್ಲ. ಆದರೂ ಮುಂಜಾಗ್ರತೆಯಾಗಿ, ಇನ್ನು ಮುಂದೆ ಮುಖ್ಯಸ್ಥರ ಕೋಣೆಗೆ ವಿದ್ಯಾರ್ಥಿನಿಯರು ಹೋದಾಗ ಮಹಿಳಾ ಸಹಾಯಕಿ ಬಾಗಿಲ ಬಳಿ ಕಡ್ಡಾಯವಾಗಿ ಹಾಜರಿರತಕ್ಕದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಕಳ್ಳನನ್ನು ಒಳಗೇ ಇಟ್ಟು ಬಾಗಿಲು ಹಾಕಿದರು. ಅಕ್ಕ ಕದ್ದುಮುಚ್ಚಿ ಮಾಡಿಕೊಂಡು ಬಂದದ್ದು ಈಗ ಕಾಲೇಜಿನ ನಿಯಮವಾಯಿತು. ಮೇಡಂ ಮೆಟ್ಟಿಲ ಬಳಿ ಸಿಕ್ಕಿ, "ನಿಮ್ಮಂಥವರು ಇರೋದ್ರಿಂದ ನಮಗೆ ಧೈರ್ಯ" ಎಂದು ಹೆಗಲು ತಟ್ಟಿದರು. ಆ ತಟ್ಟಿದ ಕೈಯನ್ನು ಕೊಡವಿ ಹಾಕಬೇಕೆನ್ನಿಸಿತು ಅವಳಿಗೆ. ಕೊಡವಲಿಲ್ಲ.

ಕೆಲವು ದಿನಗಳಾದ ಮೇಲೆ ಹುಡುಗಿ ಲ್ಯಾಬಿಗೆ ಬಂದಳು. ಕಾಲೇಜು ಬಿಡುವವರು ಗಾಜಿನ ಸಾಮಾನೇನೂ ಬಾಕಿ ಇಲ್ಲವೆಂದು ಲ್ಯಾಬಿನಿಂದ ಸಹಿ ಹಾಕಿಸಿಕೊಂಡು ಹೋಗಬೇಕು. ಪ್ರಾಕ್ಟಿಕಲ್ ಪರೀಕ್ಷೆಗೆ ಅವಳು ಕೂರಲೇ ಇಲ್ಲ. ಪರೀಕ್ಷೆ ನಡೆಸುವವರು ದೊಡ್ಡ ಮೇಷ್ಟ್ರೇ ಆಗಿದ್ದರು. ಓದಿದ್ದು ಸಾಕು ಎಂದು ಅವಳ ಅಪ್ಪ ಹೇಳಿದ್ದರಂತೆ.

ಅಕ್ಕ ಸಹಿ ಹಾಕಿದಳು. "ಮಗೂ, ನನ್ನಿಂದ ತಪ್ಪಾಯ್ತು" ಎಂದಳು.

ಹುಡುಗಿ ಆ ಓಣಿಯ ಕಡೆ ನೋಡಿದಳು. "ಅಕ್ಕ, ನೀವು ಅಲ್ಲಿ ನಿಲ್ತಿದ್ದಿದ್ದು ನಮಗೋಸ್ಕರ ಅಲ್ವಾ? ಬೆಂಚಿನ ಮೇಲೆ ನೀವು ನಮ್ಮಿಬ್ಬರ ನಡುವೆ ಬಂದು ಕೂತಾಗ ನನಗೆ ಹೊಳೀತು."

ಅಕ್ಕ ತಲೆಯಾಡಿಸಿದಳು.

"ನಾವು ನಿಮ್ಮನ್ನ ನೋಡಿ ನಗ್ತಿದ್ವಿ." ಅವಳು ಚೀಟಿಯನ್ನು ಮಡಿಸಿದಳು. "ಯಾಕೆ ನಿಲ್ತೀನಿ ಅಂತ ಒಂದೇ ಒಂದು ಸಲ ಹೇಳಿದ್ದಿದ್ರೆ, ನೀವು ಇಲ್ಲದಿದ್ದ ದಿನ ನಾನು ಅಲ್ಲಿಗೆ ಹೋಗ್ತಾನೇ ಇರಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗಿ ಬೈಯಲಿಲ್ಲ, ಲೆಕ್ಕದ ಉತ್ತರ ಹೇಳಿದಂತೆ ಹೇಳಿ ಹೋದಳು. ಅಕ್ಕ ಆ ದಿನವೇ ಮೇಡಂ ಕೋಣೆಗೆ ಹೋಗಿ ಬಾಗಿಲು ತಟ್ಟಿ, ಹಳೆಯದು ಹೊಸದು ಎಲ್ಲವನ್ನೂ ಹೇಳಿದಳು. ಮೇಡಂ ಕೇಳಿಸಿಕೊಂಡರು. ಮುಖ ಸಪ್ಪಗಾಯಿತು. "ಈಗ ಬಂದು ಹೇಳ್ತಿದ್ದೀರಲ್ಲ! ಫೈಲ್ ಮುಚ್ಚಿ ಆಯ್ತು. ನಿಮ್ಮದಂತೂ ಯಾವ ಕಾಲದ್ದೋ. ಇಷ್ಟು ಹಳೇ ದೂರು ತಗೊಳ್ಳೋಕೆ ನಮಗೆ ಬರೋದಿಲ್ಲ" ಎಂದರು. ಸುಳ್ಳೇನೂ ಹೇಳಲಿಲ್ಲ. ನಿಯಮ ಹಾಗೆಯೇ ಇತ್ತು.

ಹೊಸ ವರ್ಷದ ತರಗತಿಗಳು ಶುರುವಾದವು. ಮೊದಲ ದಿನ ಲ್ಯಾಬಿನ ಎಚ್ಚರಿಕೆಗಳನ್ನು ಹೇಳುವುದು ಅಕ್ಕನ ಕೆಲಸ. ಪಿಪೆಟ್ಟನ್ನು ಬಾಯಲ್ಲಿ ಎಳೆಯಬೇಡಿ. ಬಾಟಲಿಗೆ ಮೂಗಿಟ್ಟು ಮೂಸಬೇಡಿ. ಆಸಿಡ್‌ಗೆ ನೀರು ಸುರಿಯಬೇಡಿ, ನೀರಿಗೆ ಆಸಿಡ್ ಹಾಕಿ. ಪ್ರತಿ ವರ್ಷ ಹೇಳಿದ್ದೇ. ಅಷ್ಟು ಹೇಳಿ ಅವಳು ಒಂದು ಕ್ಷಣ ನಿಂತಳು.

"ಇನ್ನೊಂದು. ಹೆಣ್ಣುಮಕ್ಕಳು ಯಾರೂ ಆ ಹಿಂದಿನ ಕೋಣೆಗೆ ಒಬ್ಬೊಬ್ಬರೇ ಹೋಗ್ಬೇಡಿ. ಅಲ್ಲಿ ಕೂರೋರು ಒಳ್ಳೆಯವರಲ್ಲ. ನನ್ನ ಮೈಮೇಲೆ ಕೈ ಹಾಕಿದ್ದಾರೆ. ಹೋದ ವರ್ಷ ಒಂದು ಹುಡುಗಿ ಮೇಲೆ ಹಾಕಿದ್ರು. ಅವಳು ಕಾಲೇಜು ಬಿಟ್ಳು."

ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು, ಟೆಸ್ಟ್ ಟ್ಯೂಬು ಹಂಚಲು ಶುರು ಮಾಡಿದಳು.

ದೊಡ್ಡ ಮೇಷ್ಟ್ರು ದೂರು ಕೊಟ್ಟರು. ಈ ಸಲ ಸಮಿತಿಗೆ ಏನು ಚುರುಕು! ವಾರದೊಳಗೆ ಸಭೆ. ವಕೀಲರಿಗೆ ಕೋರ್ಟಿರಲಿಲ್ಲ, ಮೇಡಂಗೆ ಮೀಟಿಂಗಿರಲಿಲ್ಲ, ಒಬ್ಬರೂ ತಪ್ಪಿಸಲಿಲ್ಲ.

"ಇಷ್ಟು ದೊಡ್ಡ ಮಾತು ಆಡಿದ್ದೀರಿ. ಸಾಕ್ಷಿ ಏನಿದೆ?" ಮೇಡಂ ಕೇಳಿದರು.

"ಸಾಕ್ಷಿ ಇತ್ತು ಮೇಡಂ. ಹೋದ ವರ್ಷ ಇದೇ ಕುರ್ಚಿ ಮೇಲೆ ಬಂದು ಕೂತಿತ್ತು. ನೀವು, ನಾನು, ಎಲ್ಲ ಸೇರಿ ಮನೆಗೆ ಕಳಿಸಿದ್ವಿ."

ಬರೆದುಕೊಳ್ಳುತ್ತಿದ್ದವನು ಇದನ್ನು ಬರೆಯಬೇಕೋ ಬೇಡವೋ ಎಂದು ಮೇಡಂ ಮುಖ ನೋಡಿದ. ಬೇಡ ಎಂದು ಅವರು ಕೈಯಾಡಿಸಿದರು.

ಅಕ್ಕನನ್ನು ಪರೀಕ್ಷಾ ವಿಭಾಗದ ನೆಲಮಾಳಿಗೆಗೆ ಹಾಕಿದರು. ಹಳೆಯ ಉತ್ತರ ಪತ್ರಿಕೆಗಳ ಕಟ್ಟು, ಒಂದು ಟ್ಯೂಬ್‌ಲೈಟು, ಧೂಳು. ದೊಡ್ಡ ಮೇಷ್ಟ್ರು ಅದೇ ಕೋಣೆಯಲ್ಲಿದ್ದಾರೆ. ರೆಕಾರ್ಡಿಗೆ ಸಹಿ ಹಾಕಿಸಲು ಹುಡುಗಿಯರು ಈಗ ಮೂವರು ನಾಲ್ವರು ಗುಂಪಾಗಿ ಹೋಗುತ್ತಾರೆ, ಬಾಗಿಲಿಗೆ ಒಬ್ಬಳು ಕಾಲು ಕೊಟ್ಟು ನಿಂತಿರುತ್ತಾಳೆ ಎಂದು ಸ್ಟೋರಿನವನು ಬಂದು ಹೇಳಿದ.

ಅದನ್ನು ಕೇಳಿದ ಸಂಜೆ ಅಕ್ಕ ಆ ಹುಡುಗಿಯ ನಂಬರು ಹುಡುಕಿ ಫೋನ್ ಮಾಡಿದಳು. ಹುಡುಗಿ ಈಗ ಔಷಧಿ ಅಂಗಡಿಯೊಂದರಲ್ಲಿ ಬಿಲ್ಲು ಹಾಕುತ್ತಾಳೆ. ಹಿಂದೆ ಗಿರಾಕಿಗಳ ಗದ್ದಲ. ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು: ತಾನು ಹೊಸ ಮಕ್ಕಳೆದುರು ಹೇಳಿದ್ದು, ಸಮಿತಿಯ ಎದುರು ಹೇಳಿದ್ದು, ಈಗ ಆ ಮಕ್ಕಳು ಗುಂಪಾಗಿ ಹೋಗುವುದು.

ಆ ಕಡೆ ಬಿಲ್ ಹರಿಯುವ ಸದ್ದು.

"ಹೇಳಿದ್ರಾ?" ಎಂದಳು ಹುಡುಗಿ. "ಒಳ್ಳೇದಾಯ್ತು ಬಿಡಿ ಅಕ್ಕ, ಆ ಮಕ್ಕಳಿಗೆ." ಯಾರೋ ತಲೆನೋವಿನ ಮಾತ್ರೆ ಕೇಳುತ್ತಿದ್ದರು. "ಗಿರಾಕಿ ಬಂದಿದ್ದಾರೆ. ಇಡ್ಲಾ?"